ಸಿಳ್ಳೆಗೆ ಇಳಿಯುವ ಹದ್ದುಗಳು

ಆ ಕುರಿ ಮಾಂಸದಂಗಡಿಯವನಿಗೆ ಹೆತ್ತವರಿಟ್ಟ ಹೆಸರು ಅವನ ಹೆಂಡತಿಗೇ ನೆನಪಿತ್ತೋ ಇಲ್ಲವೋ. ಬೀದಿಗೆಲ್ಲ ಅವನು ಸಿಳ್ಳೆ. ಬೆಳಿಗ್ಗೆ ಕುರಿ ಕತ್ತರಿಸಿ ಕೊಕ್ಕೆಗೆ ನೇತುಹಾಕಿದ ಮೇಲೆ, ಕರುಳು ಚರ್ಬಿಯ ಚೂರುಗಳನ್ನು ಬಕೆಟ್ಟಿಗೆ ತುಂಬಿಕೊಂಡು ತಾರಸಿ ಹತ್ತುತ್ತಿದ್ದ. ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹೊಡೆದನೆಂದರೆ ಮುಗಿಯಿತು, ಎಲ್ಲೆಲ್ಲಿದ್ದವೋ, ಹದ್ದುಗಳು ಬಂದು ಅವನ ನೆತ್ತಿಯ ಮೇಲೆ ಸುತ್ತು ಹಾಕುತ್ತಿದ್ದವು. ಇವನು ಚೂರು ಎಸೆಯುವುದು, ಅವು ಗಾಳಿಯಲ್ಲೇ ಹಿಡಿಯುವುದು. ಹೆಂಡತಿಯ ಮೇಲೆ ಸಿಡುಕುತ್ತ, ಗಿರಾಕಿಗಳ ಮೇಲೆ ಎಗರಾಡುತ್ತ ದಿನ ಕಳೆಯುವ ಮನುಷ್ಯ ಆ ಹೊತ್ತಿನಲ್ಲಿ ಮಾತ್ರ ಬಾಯ್ತುಂಬ ನಗುತ್ತಿದ್ದ. ಮಕ್ಕಳಾಗಿರಲಿಲ್ಲ. ಇವೇ ನನ್ನ ಸಂಸಾರ ಎನ್ನುತ್ತಿದ್ದ.

ಅಂಗಡಿಸಾಲಿನ ಹಿಂದೆ ಒಂದು ಗೋಡೆ, ಗೋಡೆಯಾಚೆ ವಿಮಾನ ನಿಲ್ದಾಣ. ಎದುರಂಗಡಿಯ ಮೀನಕ್ಕನಿಗೆ ಈ ಸಂಸಾರ ಕಂಡರೆ ಮೈಯೆಲ್ಲ ಉರಿ. ಸಿಳ್ಳೆ ಎಸೆದದ್ದು ಸಾಲದ ಹದ್ದು ನೇರ ಅವಳ ಮೀನಿನ ಬುಟ್ಟಿಗೇ ಎರಗುತ್ತಿತ್ತು. ಗಂಡ ಸತ್ತ ಮೇಲೆ ಒಬ್ಬಳೇ ಅಂಗಡಿ ನಡೆಸಿದವಳು, ಬಾಯಿಗೆ ಯಾರೂ ಎದುರು ನಿಲ್ಲುತ್ತಿರಲಿಲ್ಲ.

"ಲೋ ಸಿಳ್ಳೆ, ನಿನ್ನ ಮಕ್ಕಳು ನನ್ನ ಬುಟ್ಟಿ ಖಾಲಿ ಮಾಡ್ತಿದಾವೆ. ಕಸದ ಡ್ರಮ್ಮಿಗೆ ಮುಚ್ಚಳ ಹಾಕಿ ಅಂತ ವಿಮಾನದೋರು ಬಂದು ಹೇಳಿ ಹೋದ್ರಲ್ಲ, ಕಿವಿಗೆ ಬೀಳ್ಲಿಲ್ವಾ?"

"ವಿಮಾನ ಬರೋ ಮುಂಚೆ ಆಕಾಶ ಇವುಗಳದ್ದೇ ಆಗಿತ್ತು ಅಕ್ಕ. ನೀನು ನಿನ್ನ ಬುಟ್ಟಿಗೆ ಬಟ್ಟೆ ಮುಚ್ಕೋ."

"ಬುಟ್ಟಿಗಲ್ಲ, ನಿನ್ನ ಬಾಯಿಗೆ ತುರುಕ್ತೀನಿ ಬಟ್ಟೆ."

ವರ್ಷಗಟ್ಟಲೆ ಇದೇ ಜಗಳ. ಒಬ್ಬರು ಅಂಗಡಿ ತೆರೆಯದಿದ್ದರೆ ಇನ್ನೊಬ್ಬರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಆ ಬೆಳಿಗ್ಗೆಯೂ ಸಿಳ್ಳೆ ತಾರಸಿಯ ಮೇಲಿದ್ದ. ಗೋಡೆಯಾಚೆ ವಿಮಾನ ಗುಡುಗುತ್ತ ಮೇಲೇಳುತ್ತಿತ್ತು. ಬೆದರಿದ ಹದ್ದುಗಳು ಒಮ್ಮೆಲೇ ಮೇಲಕ್ಕೆ ಚದುರಿದವು. ಮರುಕ್ಷಣ ಇಂಜಿನ್ ಬೆಂಕಿ ಉಗುಳಿದ್ದನ್ನು ಅವನು ಕಣ್ಣಾರೆ ಕಂಡ. ವಿಮಾನ ಒಂದು ಮಗ್ಗುಲಿಗೆ ವಾಲಿತು, ಬೀದಿಯ ಕೊನೆಯ ಬಯಲಿಗೆ ಬಿದ್ದು ನೆಲ ಉತ್ತುಕೊಂಡು ಹೋಗಿ ಎರಡು ತುಂಡಾಯಿತು.

ಬಕೆಟ್ ಬಿಸಾಕಿ ಓಡಿದ. ಸೊಂಟದಲ್ಲಿ ಮಾಂಸ ಕತ್ತರಿಸುವ ಚಾಕು ಹಾಗೇ ಇತ್ತು. ತುಂಡಾದ ವಿಮಾನದೊಳಗೆ ಸೀಟುಗಳು ತಲೆಕೆಳಗಾಗಿದ್ದವು, ಜನ ಬೆಲ್ಟಿಗೆ ಸಿಕ್ಕಿ ನೇತಾಡುತ್ತಿದ್ದರು. ಕೂಗುತ್ತಿದ್ದವರ ಬೆಲ್ಟು ಕೊಯ್ದು ಕೊಯ್ದು ಎಳೆದು ಹಾಕಿದ. ಹೆಂಗಸೊಬ್ಬಳು, "ನಾನಲ್ಲ, ಮೊದಲು ಅವಳು, ಅವಳು" ಎಂದು ಪಕ್ಕದ ಸೀಟಿನ ಮಗಳನ್ನು ತೋರಿಸುತ್ತಿದ್ದಳು. ಆ ಸೀಟಿಗೆ ಆಗಲೇ ಬೆಂಕಿ ಹತ್ತಿತ್ತು. ಕೈ ಚಾಚಿದ, ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿ ಕಿತ್ತುಬಂತು. ಒದೆಯುತ್ತ ಕಚ್ಚುತ್ತ ಇದ್ದ ಆ ತಾಯಿಯನ್ನಷ್ಟೇ ಹೊತ್ತು ಹೊರಬಂದ.

ಟೀವಿಯಲ್ಲೆಲ್ಲ ಅವನದೇ ಮುಖ. ಆ ಹೆಂಗಸಿನ ಗಂಡ, ಪೇಟೆಯ ದರ್ಜಿ, ಅಂಗಡಿಗೇ ಬಂದು ಅವನ ಎರಡೂ ಕೈಯ ಬ್ಯಾಂಡೇಜನ್ನು ಕಣ್ಣಿಗೊತ್ತಿಕೊಂಡ. "ಅಣ್ಣ, ಮಗಳು ಹೋದಳು. ಇವಳನ್ನಾದ್ರೂ ಕೊಟ್ರಿ. ನಿಮ್ಮ ಋಣ ನಾನು ಸಾಯೋತನಕ ಮರೆಯಲ್ಲ." ಸಿಳ್ಳೆ ತಲೆ ತಗ್ಗಿಸಿದ. ಎಷ್ಟು ನಾಚಿಕೆ ನೋಡಿ ಈ ಮನುಷ್ಯನಿಗೆ ಎಂದರು ನಿಂತವರು.

ಮಾರನೆಯ ದಿನ ನಿಲ್ದಾಣದ ದೊಡ್ಡ ಮನುಷ್ಯರು ಟೀವಿಯಲ್ಲಿ ಹೇಳಿದರು, ಇಂಜಿನ್ನಿನಲ್ಲಿ ಹದ್ದು ಸಿಕ್ಕಿದೆ, ಗೋಡೆಯ ಪಕ್ಕದ ಮಾಂಸದಂಗಡಿಗಳೇ ಹದ್ದುಗಳನ್ನು ಸೆಳೆಯುತ್ತಿದ್ದವು. ಹಕ್ಕಿ ಓಡಿಸಲೆಂದು ನಿಲ್ದಾಣದವರು ಇಟ್ಟುಕೊಂಡಿದ್ದ ಜೀಪು ಯಾವ ಕಾಲದಿಂದಲೋ ಕೆಟ್ಟು ನಿಂತಿತ್ತಲ್ಲ, ಅದರ ಮಾತನ್ನು ಮಾತ್ರ ಆ ದೊಡ್ಡ ಮನುಷ್ಯರು ಎತ್ತಲಿಲ್ಲ. ಸಿಳ್ಳೆ ಟೀವಿ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಕೈ ನೋವೇ ಎಂದು ಕೇಳಿದರೆ ಹೂಂ ಎಂದ. ಎದುರಂಗಡಿಯ ಮೀನಕ್ಕ ಅವನನ್ನೇ ದಿಟ್ಟಿಸಿ ನೋಡಿದಳು, ಬಾಯಿ ಬಿಡಲಿಲ್ಲ. ಅವಳ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು.

ಸತ್ತವರ ಕಡೆಯವರು, ಅವರ ಹಿಂದೆ ಊರಿನ ಅರ್ಧ ಜನ, ಮೊದಲು ನಿಲ್ದಾಣಕ್ಕೇ ನುಗ್ಗಿದ್ದರು. ಗಾಜು ಪುಡಿ ಮಾಡಿದರು. ಪೊಲೀಸರು ಬೆನ್ನು ಮುರಿಯುವಂತೆ ಬಡಿದು ಓಡಿಸಿದರು. ದೊಡ್ಡವರ ಬಾಗಿಲಿಗೆ ಲಾಠಿಯ ಕಾವಲಿತ್ತು, ಅಂಗಡಿಸಾಲಿಗೆ ಯಾರಿದ್ದರು? ಹೊಡೆಸಿಕೊಂಡ ಸಿಟ್ಟೆಲ್ಲ ಇತ್ತ ತಿರುಗಿತು.

ಮಧ್ಯಾಹ್ನದ ಬಿಸಿಲಲ್ಲಿ ಬಂದರು. ಕೋಳಿಗಳ ಪಂಜರಕ್ಕೆ ಬೆಂಕಿ ಇಟ್ಟರು. ತಕ್ಕಡಿ ಕಿತ್ತೆಸೆದರು. ಉಳಿದ ಅಂಗಡಿಯವರು ಓಡಿಹೋದರು. ಸಿಳ್ಳೆಯ ಅಂಗಡಿ ಮುಟ್ಟಲು ಹೋದ ಒಬ್ಬನ ಕೆನ್ನೆಗೆ ದರ್ಜಿಯೇ ಬಾರಿಸಿದ. "ಕಣ್ಣು ಕಾಣಲ್ವಾ? ಇದು ಅಣ್ಣನ ಅಂಗಡಿ." ಆಮೇಲೆ ಎದುರಂಗಡಿಗೆ ತಿರುಗಿ ಮೀನಕ್ಕನ ಜುಟ್ಟು ಹಿಡಿದು ಬೀದಿಗೆಳೆದ. ಬೀದಿಯಲ್ಲಿ ಮುಚ್ಚಳವಿದ್ದದ್ದು ಅವಳ ಡ್ರಮ್ಮಿಗೊಂದಕ್ಕೇ. ಅದನ್ನು ಒದ್ದು ಉರುಳಿಸಿ, ಚೆಲ್ಲಿದ ಮೀನಿನ ಕರುಳನ್ನೇ ಅವಳ ಮುಖಕ್ಕೆ ಹಚ್ಚಿದರು.

"ಹದ್ದು ಸಾಕ್ತೀಯಾ? ನನ್ನ ಮಗಳನ್ನ ತಿನ್ಸಿದೆಯಲ್ಲೇ ಅವಕ್ಕೆ."

ತೂಕದ ಕಲ್ಲಿನಿಂದ ಯಾರೋ ಅವಳ ಹೆಗಲಿಗೆ ಹೊಡೆದರು. ಮೂಳೆ ಮುರಿದದ್ದು ಈಚೆಗೂ ಕೇಳಿತು. ಅವಳು ರಕ್ತದ ನಡುವೆ ಕಣ್ಣು ತೆರೆದು ಸಿಳ್ಳೆಯ ಕಡೆ ಒಮ್ಮೆ ನೋಡಿದಳು. ಬೆರಳೆತ್ತಿ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ಸಿಳ್ಳೆ ಬಾಗಿಲಲ್ಲೇ ನಿಂತಿದ್ದ. ಹೆಂಡತಿ ಅಂಗಿ ಹಿಡಿದು ಜಗ್ಗಿದಳು. "ಒಳಗೆ ಬನ್ನಿ. ನಮ್ಮನ್ನ ಬಿಟ್ಟಿದಾರಲ್ಲ, ಬನ್ನಿ." ಹೋಗಿಬಿಡಬಹುದಿತ್ತು. ಹೋಗಬೇಕೆಂದು ಅವನಿಗೂ ಅನಿಸಿತು, ಯಾಕೆ ಸುಳ್ಳು ಹೇಳಬೇಕು.

"ಬಿಡ್ರಿ ಅವಳನ್ನ," ಎಂದ. "ಹದ್ದಿಗೆ ಹಾಕ್ತಿದ್ದೋನು ನಾನು."

ದರ್ಜಿ ತಿರುಗಿ ನೋಡಿದ, ಕಣ್ಣಲ್ಲಿ ನೀರಿತ್ತು. "ನಿಮ್ಮ ಮನಸ್ಸು ದೊಡ್ಡದು ಅಣ್ಣ. ಇವಳನ್ನ ಉಳ್ಸೋಕೆ ಹೀಗಂತಿದೀರ. ನೀವು ಪಕ್ಕಕ್ಕೆ ನಿಲ್ಲಿ."

ಎಷ್ಟು ಬಾಯಿ ಬಡಿದುಕೊಂಡರೂ ಅವನ ಮಾತು ಯಾರೂ ನಂಬಲಿಲ್ಲ. ದರ್ಜಿಯ ಕೈಗೆ ಶಟರ್ ಎಳೆಯುವ ಕಬ್ಬಿಣದ ಸಲಾಕೆ ಸಿಕ್ಕಿತ್ತು. ಮೊದಲ ಏಟು ಮೀನಕ್ಕನ ಪಕ್ಕೆಗೆ ಬಿತ್ತು.

ಸಿಳ್ಳೆ ಹೆಂಡತಿಯ ಕೈ ಕಿತ್ತುಕೊಂಡು, ಕೊಕ್ಕೆಯ ಮಾಂಸವನ್ನೇ ಎಳೆದುಕೊಂಡು ತಾರಸಿಗೆ ಓಡಿದ. ಬ್ಯಾಂಡೇಜನ್ನು ಹಲ್ಲಿನಿಂದ ಹರಿದ. ಕೀವು ಸೋರುವ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ.

ಅವನ ಕೈಗೆ ಗಾಯವಾದಂದಿನಿಂದ ಹದ್ದುಗಳು ಹಸಿದಿದ್ದವು. ಒಂದು ಬಂತು, ಹಿಂದೆಯೇ ಹತ್ತಾರು, ಬೀದಿಯ ಮೇಲೆಲ್ಲ ನೆರಳು ಸುತ್ತಿತು. ಎಲ್ಲರ ತಲೆಯೂ ಮೇಲೆದ್ದಿತು. ಅವನು ಮಾಂಸ ಹರಿದು ಎಸೆದ, ಒಂದು ಹದ್ದು ಅವನ ಕೈಗೇ ಎರಗಿ ಕಿತ್ತುಕೊಂಡು ಹೋಯಿತು.

"ಈಗ ನಂಬ್ತೀರಾ?" ಎಂದ. ಅಳುತ್ತಿದ್ದ.

ಸಲಾಕೆ ಹಿಡಿದ ಕೈ ಕೆಳಗಿಳಿಯಿತು. ದರ್ಜಿ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ. ಕಣ್ಣಿಗೊತ್ತಿಕೊಂಡಿದ್ದ ಅದೇ ಕೈಗಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಸಲಾಕೆಯನ್ನು ಅವನ ಬಾಯಿಗೇ ಬೀಸಿದ. ಹಲ್ಲು ಉದುರಿ ತಾರಸಿಯ ಮೇಲೆ ಚೆಲ್ಲಿದವು. ಸಿಳ್ಳೆ ಕೈ ಅಡ್ಡ ಹಿಡಿಯಲಿಲ್ಲ. ಉಳಿದವರು ಹತ್ತಿ ಬಂದು ಮಂಡಿ ಮುರಿದರು, ಪೊಲೀಸರ ಜೀಪಿನ ಸದ್ದು ಕೇಳುವವರೆಗೆ ತುಳಿದರು. ಅಷ್ಟು ಹೊತ್ತೂ ಮೇಲೆ ಹದ್ದುಗಳು ಚೂರಿಗಾಗಿ ಸುತ್ತುತ್ತಲೇ ಇದ್ದವು.

ಜೀವ ಗಟ್ಟಿ, ಇಬ್ಬರೂ ಉಳಿದರು. ಆಸ್ಪತ್ರೆಯಲ್ಲಿ ಸಿಳ್ಳೆ ಅವಳನ್ನು ತೊದಲುತ್ತ ಕೇಳಿದ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅಕ್ಕ?"

"ಬೆಂದ ಕೈ ನೋಡಿದ್ದೆ," ಎಂದಳು ಮೀನಕ್ಕ. "ನೀನೇ ಹೇಳ್ತೀಯೇನೋ ಅಂತ ಕಾದೆ. ತಡ ಮಾಡ್ದೆ ಕಣೋ ಪಾಪಿ."

ಅಂಗಡಿ ಮತ್ತೆ ತೆರೆದಾಗ ಸಿಳ್ಳೆಯ ಡ್ರಮ್ಮಿಗೂ ಮುಚ್ಚಳ ಬಂದಿತ್ತು. ನಿಲ್ದಾಣದ ಜೀಪು ಇನ್ನೂ ಕೆಟ್ಟೇ ನಿಂತಿತ್ತು. ಬೆಳಿಗ್ಗೆ ವಿಮಾನದ ಹೊತ್ತಿಗೆ ಸಿಳ್ಳೆ ಕುಂಟುತ್ತ ತಾರಸಿ ಹತ್ತಿ ತಗಡಿನ ಡಬ್ಬ ಬಡಿದ. ಹದ್ದುಗಳು ಹೆದರಲಿಲ್ಲ, ಅವನನ್ನು ಕಂಡು ಇನ್ನಷ್ಟು ಕೆಳಗಿಳಿದವು. ಹೋಗ್ರೋ, ಹೋಗ್ರೋ ಎಂದು ಬೇಡಿಕೊಂಡ, ಹಲ್ಲಿಲ್ಲದ ಬಾಯಿಂದ ಬರಿಯ ಗಾಳಿ ಹೊರಟಿತು. ಗೋಡೆಯಾಚೆ ಇಂಜಿನ್ ಗುಡುಗತೊಡಗಿತು. ಅವನು ಕಲ್ಲೆತ್ತಿ, ಎಲ್ಲಕ್ಕಿಂತ ಹತ್ತಿರ ಬಂದಿದ್ದ ಹದ್ದಿಗೆ ಗುರಿಯಿಟ್ಟು ಹೊಡೆದ. ಅದು ರೆಕ್ಕೆ ಮುರಿದು ಅವನ ಕಾಲ ಬಳಿಯೇ ಬಿತ್ತು. ಮಿಕ್ಕವು ಆಗ ಹಾರಿಹೋದವು.