ಸಾಬೂನು ಡಬ್ಬಿಯ ಷಡ್ಜ

೧೯೮೩ರಲ್ಲಿ ನಾನು ಸವಣೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಪಾಠಕ್ಕಿಂತ ಚಿಂತೆಯನ್ನೇ ಹೆಚ್ಚು ಮಾಡುತ್ತಿದ್ದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಆ ವರ್ಷ ಮಾತ್ರ ಚಿಂತೆಗೆ ತಕ್ಕ ಕಾರಣವೂ ಇತ್ತು.

ನಮ್ಮ ಸಂಗೀತ ಶಿಕ್ಷಕಿ ಶಾಂತಕ್ಕನವರ ಬೆರಳುಗಳು ಸಂಧಿವಾತದಿಂದ ಸೆಟೆದುಕೊಂಡಿದ್ದವು. ಪೇಟಿಯ, ಅಂದರೆ ಹಾರ್ಮೋನಿಯಂನ ಮೇಲೆ ಅವು ಒಂದೊಂದಾಗಿ ಆಡುತ್ತಿರಲಿಲ್ಲ. ‘ಪೇಟಿ ಬಾರಿಸಲಾರದ ಸಂಗೀತ ಟೀಚರ್ ಯಾತಕ್ಕ ಬೇಕ್ರಿ?’ ಎನ್ನುತ್ತಿದ್ದ ಹೆಡ್‌ಮಾಸ್ತರರು ಮೇಲಕ್ಕೂ ಬರೆದುಬಿಟ್ಟರು. ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ, ಆಕೆಯ ನೌಕರಿ ಉಳಿಯಬೇಕೋ ಬೇಡವೋ ಹೇಳುವವರಿದ್ದರು.

ಬೆರಳು ಬಾಗದಿದ್ದರೂ ಶಾಂತಕ್ಕನವರ ಅಂಗೈ ಮೇಲೆ ಕೆಳಗೆ ಆಡುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಹುಬ್ಬಳ್ಳಿಯಿಂದ ಒಂದು ೫೫೫ ಐಸಿ, ಒಂದು ಎಲ್‌ಡಿಆರ್ ತಂದೆ. ಐಸಿ ಸ್ಪೀಕರಿನಲ್ಲಿ ಸ್ವರ ಹುಟ್ಟಿಸುತ್ತದೆ; ಎಲ್‌ಡಿಆರ್ ಬೆಳಕು ಕಾಣುವ ಬಿಲ್ಲೆ. ಬೆಳಕು ಹೆಚ್ಚಿದರೆ ಸ್ವರ ಏರುತ್ತದೆ, ನೆರಳು ಬಿದ್ದರೆ ಇಳಿಯುತ್ತದೆ. ಎಲ್ಲವನ್ನೂ ಸಾಬೂನು ಡಬ್ಬಿಯಲ್ಲಿ ಕೂಡಿಸಿ, ಪಕ್ಕದಲ್ಲಿ ಒಂದು ಫುಟ್‌ಪಟ್ಟಿ ನಿಲ್ಲಿಸಿ, ಕೈ ಎಷ್ಟು ಎತ್ತರದಲ್ಲಿದ್ದರೆ ಯಾವ ಸ್ವರ ಎಂದು ಗುರುತು ಹಾಕಿದೆ. ಬಲ್ಬಿನ ಬೆಳಕಿನಲ್ಲಿ ಅದು ಕುರಿಯಂತೆ ಒದರುತ್ತಿದ್ದುದರಿಂದ ಕಿಟಕಿಯ ಬೆಳಕೇ ಗತಿ. ಮೋಡ ಕವಿದರೆ? ಬೆಸುಗೆ ಬಿಟ್ಟರೆ? ಜೇಬಿನಲ್ಲಿ ಮೂರು ಬ್ಯಾಟರಿ, ಇನ್ನೊಂದು ಐಸಿ ಇಟ್ಟುಕೊಂಡೆ.

ಸೋಮವಾರ ಹನ್ನೊಂದಕ್ಕೆ ಬಿಸಿಲು ಚೆನ್ನಾಗಿತ್ತು. ಶಾಂತಕ್ಕ ಪಟ್ಟಿಯ ಗುರುತಿಗೆ ಕೈ ಹಿಡಿದರು. ಡಬ್ಬಿ ‘ಸಾ’ ಎಂದಿತು.

‘ಏನ್ರೀ ಮಾಸ್ತರ, ಇದರಾಗ ಹುಳ ಹಿಡದು ಕೂಡಿಸೀರೇನು?’ ಎನ್ನುತ್ತ ಸಾಹೇಬರು ಡಬ್ಬಿಯ ಮೇಲೆ ಬಾಗಿದರು. ಹೊಸ ವಸ್ತು ಕಂಡರೆ ಅದರ ಮೇಲೆ ತಲೆ ಒಡ್ಡದೆ ನಮ್ಮೂರವರಿಗೆ ಸಮಾಧಾನವಿಲ್ಲ. ಹೆಡ್‌ಮಾಸ್ತರರೂ ಬಾಗಿದರು, ಹಿಂದಿದ್ದ ಹಿಂದಿ ಮಾಸ್ತರರೂ ಬಾಗಿದರು. ಬೆಳಕು ಹೋಯಿತು. ಸ್ವರ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ಎಂಟು ದಿನ ನಾನು ಒಬ್ಬನೇ ಕೂತು ಪರೀಕ್ಷೆ ಮಾಡಿದ್ದೆ. ಜನಕ್ಕೆ ತಲೆ ಇರುತ್ತದೆ ಎಂಬುದೊಂದೇ ನನಗೆ ಹೊಳೆದಿರಲಿಲ್ಲ.

ಹೆಡ್‌ಮಾಸ್ತರರ ಮುಖ ಅರಳಿತು.

ಶಾಂತಕ್ಕ ಕೈ ತೆಗೆಯಲಿಲ್ಲ. ‘ಸಾಹೇಬ್ರ, ನಿಮ್ಮ ತಲಿ ನನ್ನ ಷಡ್ಜ ನುಂಗಾಕತ್ತೈತ್ರಿ’ ಎಂದರು.

ಸಾಹೇಬರು ತಲೆ ತೆಗೆಯಲಿಲ್ಲ. ‘ನುಂಗಲಿ. ಹುಡುಕ್ರಿ ನೋಡೂಣು.’

ಶಾಂತಕ್ಕ ಪಟ್ಟಿಯತ್ತ ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿದರು. ಕೈ ನಿಧಾನ ಮೇಲೇರಿತು. ಸ್ವರವೂ ತಡವರಿಸುತ್ತ ಏರಿ, ಮೊದಲಿನ ‘ಸಾ’ ಇದ್ದಲ್ಲೇ ಬಂದು ನಿಂತಿತು. ಸಾಹೇಬರು ಇನ್ನಷ್ಟು ಬಾಗಿದರು. ಶಾಂತಕ್ಕ ಮತ್ತೆ ಹುಡುಕಿದರು. ಸಾಹೇಬರು ಥಟ್ಟನೆ ನೆಟ್ಟಗಾದರು; ಡಬ್ಬಿ ಕಿರುಚಿತು, ಕೈ ಇಳಿಯಿತು, ‘ಸಾ’ ಅಲ್ಲೇ ಇತ್ತು. ಇಡೀ ತರಗತಿ ಅದನ್ನು ಹಿಡಿದು ಹಾಡತೊಡಗಿತು.

‘ಬೆರಳಷ್ಟ ಕೆಟ್ಟಾವ್ರಿ’ ಎಂದು ಸಾಹೇಬರು ಹೆಡ್‌ಮಾಸ್ತರರ ಕಡೆ ತಿರುಗಿದರು.

ವಾರದ ಮೇಲೆ ಬಂದ ವರದಿಯಲ್ಲಿ ಎರಡೇ ಸಾಲು: ಸಂಗೀತ ಶಿಕ್ಷಕಿಯನ್ನು ಮುಂದುವರಿಸುವುದು. ಡಬ್ಬಿಯನ್ನು ವಿಜ್ಞಾನ ಕೋಣೆಗೆ ಮರಳಿಸುವುದು.

ಶಾಂತಕ್ಕ ಡಬ್ಬಿ ಮರಳಿಸಲಿಲ್ಲ. ನಾನೂ ಕೇಳಲಿಲ್ಲ. ಆದರೆ ಅಂದಿನಿಂದ ಏನೇ ಮಾಡಿದರೂ, ತೋರಿಸುವ ಮೊದಲು ನಾಲ್ಕು ಜನರನ್ನು ಕರೆದು ಅದರ ಮೇಲೆ ಬಾಗಿಸುತ್ತೇನೆ. ಚಿಂತೆ ಬಿಡುವುದನ್ನು ನೌಕರಿ ನನಗೆ ಕಲಿಸಲಿಲ್ಲ. ಒಬ್ಬನೇ ಕೂತು ಚಿಂತಿಸಬಾರದು ಎಂದಷ್ಟೇ ಕಲಿಸಿತು.