ಎಡಮಗ್ಗುಲಲ್ಲಿ ಮಲಗಿ ಕಟ್ಟಿದ ಊರುಗಳು

ಕಳೆದ ವಾರ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳ ಅಂಕಗಳನ್ನು ತುಂಬುತ್ತ ಕುಳಿತಿದ್ದೆ. ಜೇವರ್ಗಿಯ ಮಧ್ಯಾಹ್ನದ ಬಿಸಿಲಿಗೆ ಆ ಹಳೆಯ ಯಂತ್ರ ಕಾದು, ಒಳಗಿನ ಫ್ಯಾನು ಗರಗರ ತಿರುಗಿ, ಧೂಳು ಸುಟ್ಟ ವಾಸನೆ ಎದ್ದಿತು. ಬಿಸಿ ಪ್ಲಾಸ್ಟಿಕ್ಕು, ಸುಟ್ಟ ಧೂಳು... ಅದರ ಜೊತೆಗೆ ಕೊಬ್ಬರಿ ಎಣ್ಣೆಯ ವಾಸನೆಯೂ ಇರಬೇಕಿತ್ತಲ್ಲ ಎಂದು ನನ್ನ ಮೂಗು ತಾನಾಗಿಯೇ ಹುಡುಕಿತು. ವೈನಿಯ ತಲೆಗೆ ನಾನು ಹಚ್ಚುತ್ತಿದ್ದ ಎಣ್ಣೆ. ಅಂಕ ತುಂಬುವುದು ಅಲ್ಲಿಗೇ ನಿಂತಿತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ನಾನು ಆಕೆಯ ನಾದಿನಿ. ಅಕ್ಕಲಕೋಟದ ಕಡೆಯಿಂದ ಅಫಜಲಪುರದ ನಮ್ಮ ಮನೆಗೆ ಬಂದವಳು. ಕನ್ನಡವನ್ನೇ ಮಾತಾಡಿದರೂ ನಡುನಡುವೆ ಮರಾಠಿ ಇಣುಕುತ್ತಿತ್ತು. ನಾನು ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗಾಗಿ ಕಾಯುತ್ತ ಮನೆಯಲ್ಲಿ ಕುಳಿತಿದ್ದ ಆ ವರ್ಷ ಆಕೆ ಮೂರನೇ ಸಲ ಬಸುರಾಗಿದ್ದಳು. ಮೊದಲ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಕಲಬುರಗಿಯ ಡಾಕ್ಟರಮ್ಮ ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯಾಗುವವರೆಗೂ ಹಾಸಿಗೆ ಬಿಟ್ಟು ಏಳಬಾರದು, ಆದಷ್ಟೂ ಎಡಮಗ್ಗುಲಿಗೇ ಮಲಗಬೇಕು ಎಂದು ಹೇಳಿ ಕಳಿಸಿದ್ದರು.

ಅಣ್ಣ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿದ್ದ. ಕಬ್ಬು ಅರೆಯುವ ದಿನಗಳಲ್ಲಿ ವಾರಕ್ಕೊಮ್ಮೆ ಬಂದರೆ ಹೆಚ್ಚು. ಅಪ್ಪನಿಗೆ ಹೊಲ, ಅವ್ವನಿಗೆ ಅಡಿಗೆಮನೆ, ನನಗೆ ವೈನಿ... ಕೆಲಸ ಹಾಗೆ ಹಂಚಿಕೆಯಾಯಿತು. ಕಿಟಕಿಯ ಪಕ್ಕ ಮಂಚ ಹಾಕಿದೆವು. ಮೊದಲ ಕೆಲವು ದಿನ ಆಕೆ ಸೀರೆಯ ಅಂಚು ಹೊಲಿದಳು, ಟಿ.ವಿ.ಯ ಸದ್ದು ಕೇಳಿದಳು, ಆಮೇಲೆ ಗೋಡೆ ನೋಡತೊಡಗಿದಳು. ಊಟ ಕೊಟ್ಟರೆ ಉಣ್ಣುವುದು, ಮಾತಾಡಿಸಿದರೆ ಮಾತಾಡುವುದು. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ಏನಾದೀತೋ ಎಂಬ ಹೆದರಿಕೆ.

ಆಕೆಯನ್ನು ನೋಡಲು ಬಂದ ಆಕೆಯ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟುಹೋದ. ಬ್ಯಾಟರಿ ಸತ್ತಿತ್ತು, ಕರೆಂಟಿದ್ದರೆ ಮಾತ್ರ ನಡೆಯುತ್ತಿತ್ತು, ಕಾದರೆ ಧೂಳು ಸುಟ್ಟ ವಾಸನೆ ಬರುತ್ತಿತ್ತು. ಅದರೊಳಗೆ ರಾಜ್ಯ ಕಟ್ಟುವ ಒಂದು ಆಟವಿತ್ತು. ಬಸ್ಸಿನ ಹೊತ್ತು ನೋಡಿಕೊಳ್ಳುತ್ತ ಅದನ್ನು ಅವಸರದಲ್ಲಿ ತೋರಿಸಿ, "ಬಾಕಿದ್ದು ನೀವ ಕಲೀರಿ," ಎಂದು ಹೊರಟುಬಿಟ್ಟ.

ಕೇಳುವುದಕ್ಕೆ ಸರಳವಾದ ಆಟ. ಖಾಲಿ ನೆಲದಲ್ಲಿ ನಿಮ್ಮದೊಂದು ಸಣ್ಣ ಗುಂಪು, ಕಾವಲಿಗೆ ಒಬ್ಬ ಸಿಪಾಯಿ. ಆ ಗುಂಪಿನಿಂದ ಊರು ಕಟ್ಟಬೇಕು, ಊರಿನಿಂದ ರಾಜ್ಯ. ಸುತ್ತಲೂ ಕಂಪ್ಯೂಟರೇ ಆಡಿಸುವ ಬೇರೆ ರಾಜರು. ನಿಮ್ಮ ಸರದಿ ಬಂದಾಗ ನಿಮ್ಮ ಜನರಿಗೆಲ್ಲ ಒಂದೊಂದು ಕೆಲಸ ಹೇಳಿ ಮೂಲೆಯ ಗುಂಡಿ ಒತ್ತಬೇಕು. ಆಗ ಉಳಿದ ರಾಜರು ತಮ್ಮ ಸರದಿ ಆಡುತ್ತಾರೆ. ಮತ್ತೆ ನಿಮ್ಮದು. ಹೀಗೆ ನೂರಾರು ಸರದಿ. ವೈನಿ ಎದ್ದು ಕೂರುವಂತಿರಲಿಲ್ಲ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ನಾನು ಪಕ್ಕದಲ್ಲಿ ಕೂತು ಮೌಸ್ ಹಿಡಿಯುತ್ತಿದ್ದೆ. ಆಕೆ ಎಡಮಗ್ಗುಲಲ್ಲಿ ಮಲಗಿ, ಅಡ್ಡವಾಗಿ ಕಾಣುವ ಆ ರಾಜ್ಯಕ್ಕೆ ಅಪ್ಪಣೆ ಕೊಡುತ್ತಿದ್ದಳು.

ಮೊದಲನೇ ಊರು ಎಲ್ಲಿ ಕಟ್ಟಬೇಕು ಎಂಬಲ್ಲೇ ಅರ್ಧ ದಿನ ಹೋಯಿತು. ನದಿಯ ಪಕ್ಕ ಎಂದಳು ವೈನಿ. ಚಹಾ ತಂದ ಅವ್ವ ಪರದೆಯನ್ನು ಬಗ್ಗಿ ನೋಡಿ, "ಹೊಳಿ ದಂಡಿಗೆ ಊರ ಕಟ್ಟಬ್ಯಾಡ್ರಿ. ಭೀಮಾ ಹೊಳಿ ಬಂದು ನನ್ನ ತವರೂರ ಎದ್ದು ಬ್ಯಾರೆ ಕಡೆ ಹೋಗ್ಯದ," ಎಂದಳು. ಅತ್ತೆಯ ಮಾತು ಮೀರಲಾರದೆ ವೈನಿ ಊರನ್ನು ಗುಡ್ಡದ ಕಡೆ ಕಟ್ಟಿಸಿದಳು. ನೀರಿಲ್ಲ, ಬೆಳೆಯಿಲ್ಲ. ಊರು ಬೆಳೆಯಲೇ ಇಲ್ಲ. ಎಲ್ಲಿಂದಲೋ ಬಂದ ದರೋಡೆಕೋರರು ನಮ್ಮ ಒಬ್ಬನೇ ಸಿಪಾಯಿಯನ್ನು ಕೊಂದು ಊರು ಸುಟ್ಟರು.

ಎರಡನೇ ಸಲ ನದಿಯ ಪಕ್ಕ ಕಟ್ಟಿದೆವು, ಸಿಪಾಯಿಗಳನ್ನು ತುಂಬಿದೆವು. ಅವರಿಗೆ ಉಣ್ಣಲು ಕಾಳು ಸಾಲದೆ ಜನ ದಂಗೆ ಎದ್ದರು. ಮೂರನೇ ಸಲ ಎಲ್ಲ ಸರಿಯಿದೆ ಅನ್ನುವಾಗ ಕರೆಂಟು ಹೋಯಿತು. ಆಟವನ್ನು ಉಳಿಸಿಕೊಳ್ಳುವ ಗುಂಡಿ ಬೇರೆಯೇ ಇದೆ ಎಂದು ನಮಗೆ ಗೊತ್ತಾದದ್ದು ಆ ದಿನ.

ನನಗೆ ಆ ಆಟ ಸೇರುತ್ತಿರಲಿಲ್ಲ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿ, ಪುಟಗಟ್ಟಲೆ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿ ಆಕೆಗೆ ಹೇಳುತ್ತಿದ್ದೆ. ಒಂದು ನಿಯಮ ಅರ್ಥವಾಯಿತೆನ್ನುವಾಗ ಅದಕ್ಕೊಂದು ತಿದ್ದುಪಡಿ, ಆ ತಿದ್ದುಪಡಿಗೆ ಇನ್ನೊಂದು. ಅದಕ್ಕಿಂತ ಕೆಟ್ಟದ್ದೆಂದರೆ, ಮಾಡಿದ ತಪ್ಪು ಆಗಲೇ ಕಾಣುತ್ತಿರಲಿಲ್ಲ. ಎಷ್ಟೋ ಸರದಿಯ ಹಿಂದೆ ಕಣಜ ಕಟ್ಟದೆ ಬಿಟ್ಟದ್ದು ಇಂದು ಹಸಿವಾಗಿ ಬರುತ್ತಿತ್ತು. ಆಗ ಹಿಂದಿರುಗಿ ತಿದ್ದುವಂತಿಲ್ಲ. ನನ್ನ ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಗೆಲ್ಲುವ ಆಸೆ ಎಂದೋ ಬತ್ತಿಹೋಗಿತ್ತು.

ನಾಲ್ಕನೇ ಆಟದಲ್ಲಿ ಬಹಳ ದೂರ ಬಂದಿದ್ದೆವು. ಊರುಗಳಿದ್ದವು, ರಸ್ತೆಗಳಿದ್ದವು, ಯಾರೂ ನಮ್ಮ ಮೇಲೆ ಬಿದ್ದಿರಲಿಲ್ಲ. ಒಂದು ಬೆಳಿಗ್ಗೆ ನಾನು ಗುಂಡಿ ಒತ್ತಿದೊಡನೆ ಆಟ ಮುಗಿಯಿತೆಂದು ಪರದೆ ಹೇಳಿತು. ನಾವು ಒಮ್ಮೆಯೂ ಕಣ್ಣಾರೆ ಕಾಣದ, ಸಮುದ್ರದಾಚೆಯ ಯಾವನೋ ರಾಜ ಯುದ್ಧವಿಲ್ಲದೆ ಬರೀ ವಿದ್ಯೆಯ ದಾರಿಯಲ್ಲಿ ಗೆದ್ದುಬಿಟ್ಟಿದ್ದ. ಹಾಗೂ ಗೆಲ್ಲಬಹುದೆಂಬ ನಿಯಮ ನಾನು ಇನ್ನೂ ಓದಿರದ ಪುಟಗಳಲ್ಲಿತ್ತು.

ಮೌಸನ್ನು ಮಂಚದ ಮೇಲೆ ಎಸೆದೆ. "ನನ್ನ ಕೈಲೆ ಆಗಂಗಿಲ್ರಿ ವೈನಿ. ಇದು ಆಟ ಅಲ್ಲ, ಶಿಕ್ಷಾ. ಬ್ಯಾರೆ ಏನರೆ ಆಡೋಣ್ರಿ. ಪಟಪಟ ಮುಗಿಯೂ ಅಂಥವು ಬೇಕಾದಷ್ಟ ಅದಾವ."

ಆಕೆ ಮೌಸನ್ನು ನನ್ನ ಕಡೆ ಸರಿಸಿದಳು. ಆಮೇಲೆ ಮೆಲ್ಲಗೆ, "ಅವೆಲ್ಲ ಓಡಸ್ತಾವ ಬೇ. ಇದು ಕಾಯ್ತದ. ನಾ ನೀರ ಕುಡದ, ಹೊಟ್ಟಿ ಮ್ಯಾಲ ಕೈ ಇಟ್ಟು ನೋಡಿ, ಒಂದ ನಿದ್ದಿ ಮಾಡಿ ಎದ್ರೂ ಇದು ಅಲ್ಲೇ ನಿಂತಿರ್ತದ. ನಾ ಹೂಂ ಅನ್ನೂತನಾ ಏನೂ ಆಗಂಗಿಲ್ಲ," ಎಂದಳು.

ಆಕೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಳ್ಳುತ್ತಾಳೆ ಎಂಬುದನ್ನು ನಾನು ಮೊದಲ ಬಾರಿ ಕೇಳಿದ್ದೆ. ಮೌಸನ್ನು ಮತ್ತೆ ಕೈಗೆತ್ತಿಕೊಂಡೆ.

ಐದನೇ ಆಟವನ್ನು ಆಕೆ ಬೇರೆಯೇ ರೀತಿ ಆಡಿದಳು. ಮೊದಲು ಕಣಜ, ಆಮೇಲೆ ಬಾವಿ, ಆಮೇಲೆ ಸಿಪಾಯಿ. ಊರುಗಳಿಗೆ ನಮ್ಮ ಕಡೆಯ ಹೆಸರುಗಳನ್ನೇ ಇಟ್ಟಳು. ಬೆಟ್ಟದ ಸೆರಗಿನ ಊರು ಜಿಡಗಾ ಆಯಿತು, ನದಿಯ ತಿರುವಿನದು ಅಫಜಲಪುರ. ಹಸಿರು ಬಯಲಿನ ನಡುವೆ ಭೂಸನೂರ ಕಟ್ಟಿಸಿ, "ನಿಮ್ಮ ಅಣ್ಣಗ ಇಲ್ಲಿ ಹಾಕಿದೆ, ಆರಾಮ ಇರ್ಲಿ," ಎಂದು ನಕ್ಕಳು. ನಾನು ಅವಸರಪಟ್ಟು ಗುಂಡಿಯ ಕಡೆ ಮೌಸಿನ ಬಾಣ ಒಯ್ದರೆ "ಥಾಂಬ" ಅನ್ನುತ್ತಿದ್ದಳು. ತಾಳು ಎಂಬ ಮರಾಠಿ ಮಾತು. ಎಲ್ಲವನ್ನೂ ಇನ್ನೊಮ್ಮೆ ನೋಡಿ, ಆಮೇಲೆ "ಹೂಂ, ಒತ್ತು." ಕ್ರಮೇಣ ನನಗೂ ಕೆಲವು ಅರ್ಥವಾದವು. ಖುಷಿಯಾಯಿತೆಂದು ಹೇಳಲಾರೆ. ದಣಿವು ಸ್ವಲ್ಪ ರೂಢಿಯಾಯಿತು, ಅಷ್ಟೇ. ಅವ್ವ ಕೂಡ ರೊಟ್ಟಿ ಬಡಿದು ಬಂದು ಬಾಗಿಲಲ್ಲಿ ನಿಂತು, "ಇವತ್ತ ಯಾರರೆ ಬಂದ್ರೇನು ಮ್ಯಾಲ ಬೀಳಾಕ?" ಎಂದು ಕೇಳುತ್ತಿದ್ದಳು. "ಇಲ್ರಿ ಅತ್ತಿ, ಎಲ್ಲಾ ಶಾಂತ ಅದ," ಎನ್ನುತ್ತಿದ್ದಳು ವೈನಿ.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸೊಂಟ ನೋವು ಎಂದಳು. ಅಪ್ಪ ಜೀಪು ತಂದ. ಕಲಬುರಗಿ ಮುಟ್ಟುವವರೆಗೂ ಆಕೆ ನನ್ನ ಕೈ ಬಿಡಲಿಲ್ಲ. ಹೆಣ್ಣುಮಗು ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಕೆಲವು ದಿನ ಉಸಿರಾಡಿತು... ಅಣ್ಣ ಆ ಗಾಜಿನ ಮುಂದೆ ನಿಂತೇ ಇದ್ದ. ಅದು ಹೋದ ಮೇಲೂ ನಿಂತೇ ಇದ್ದ.

ಮನೆಗೆ ಮರಳಿದಾಗ ಅವ್ವ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಓಣಿಯ ಯಾರೋ ಹೆಂಗಸು, ಬಸುರಿ ದಿನಾ ಅದರ ಮುಂದೆ ಮಲಗಿದ್ದಕ್ಕೇ ಹೀಗಾಯಿತೆಂದು ಹೇಳಿದ್ದಳಂತೆ. ವೈನಿ ಕೇಳಿಸಿಕೊಂಡಳು. ಮೈ ಸುಧಾರಿಸಿದ ಮೇಲೆ ತಾನೇ ಅದನ್ನು ಇಳಿಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಉಳಿಸಿಟ್ಟಿದ್ದ ಆಟವನ್ನು ತೆರೆದಳು. ನನ್ನನ್ನು ಕರೆಯಲಿಲ್ಲ. ದಿನಾ ಮನೆಗೆಲಸ ಮುಗಿಸಿ ಒಬ್ಬಳೇ ಆಡುತ್ತಿದ್ದಳು. ಒಂದು ಸಂಜೆ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಬಂದು ಪಕ್ಕದಲ್ಲಿ ಕುಳಿತಳು.

"ಮುಗೀತು ಬೇ."

"ಗೆದ್ದರೇನ್ರಿ ವೈನಿ?"

"ಹೂಂ. ಒಂದ ಚಿತ್ರ ಬಂತು, ವಾಜಂತ್ರಿ ಬಾರಿಸಿದ್ರು. ಮತ್ತ ಹೊಸಾದು ಆಡತೀರೇನು ಅಂತ ಕೇಳಾಕತ್ತದ."

"ಏನಂದ್ರಿ ನೀವು?"

"ಒಲ್ಲೆ ಅಂದೆ," ಎಂದು ನನ್ನ ಮೊರದಲ್ಲಿ ಕೈ ಹಾಕಿ ಕಲ್ಲು ಹೆಕ್ಕತೊಡಗಿದಳು.

ಇನ್ನೊಂದು ಬಸಿರು ಆಕೆಯ ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಹೇಳಿದ್ದು ಹೇಗೋ ಬಂಧುಗಳಿಗೆಲ್ಲ ತಿಳಿಯಿತು. ಮುಂದಿನ ಬೇಸಿಗೆಯಲ್ಲಿ ಜಿಡಗಾದ ದೊಡ್ಡಪ್ಪ ಮತ್ತಿಬ್ಬರು ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು. ಹಿರಿಯಾಕೆ ಇದ್ದಲ್ಲೇ ಇರಲಿ, ವಂಶಕ್ಕೆ ಇನ್ನೊಬ್ಬಳನ್ನು ತರೋಣ ಎಂಬ ಮಾತು. ಅಪ್ಪ ತಲೆ ತಗ್ಗಿಸಿದ್ದ. ಅಣ್ಣ ನೆಲದ ಫರಸಿಕಲ್ಲನ್ನೇ ನೋಡುತ್ತಿದ್ದ. ವೈನಿ ಚಹಾದ ತಾಟು ಹಿಡಿದುಕೊಂಡೇ ಹೊರಗೆ ಬಂದಳು. ಹಿರಿಯರ ಮುಂದೆ ಆಕೆ ದನಿ ತೆಗೆದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಇಬ್ಬರಾಗ ಒಬ್ಬಾಕಿ ಆಗಿ ನಾ ಇರಂಗಿಲ್ರಿ. ಅವರಿಗೆ ಮಕ್ಕಳ ಬೇಕಂದ್ರ ನಾ ಬಿಟ್ಟು ಹೋಗ್ತೇನಿ. ಕೋರ್ಟಿನಾಗ ಸರಿಯಾಗಿ ಬಿಡಸ್ರಿ, ಆಮ್ಯಾಲ ಮದುವಿ ಮಾಡ್ರಿ."

ಹೇಳಿ, ಅಣ್ಣನ ಕಡೆ ನೋಡುತ್ತ ನಿಂತಳು. ಆಕೆ ಕಾಯುತ್ತಿದ್ದಳು. ಅದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಚಹಾ ಕೆನೆಗಟ್ಟುವವರೆಗೂ ಅಣ್ಣ ತಲೆ ಎತ್ತಲಿಲ್ಲ. ಆಕೆ ತಾಟು ಕೆಳಗಿಟ್ಟು ಒಳಗೆ ಹೋದಳು.

ಹಿಂದಿನ ಅಂಗಳದಲ್ಲಿ ಅಣ್ಣನನ್ನು ತಡೆದು, "ಬ್ಯಾಡ ಅಂತ ಒಂದ ಮಾತ ಅನ್ನು ಅಣ್ಣಾ. ಆಕಿ ಇರ್ತಾಳ," ಎಂದೆ.

"ಆಕೀಗೂ ಸಾಕಾಗ್ಯದ ತಂಗಿ," ಎಂದ ಅಣ್ಣ. "ನಂಗೂ ಸಾಕಾಗ್ಯದ." ಅವನ ಮುಖ ನೋಡಿದ ಮೇಲೆ ಜಗಳವಾಡುವ ಶಕ್ತಿ ನನ್ನಲ್ಲೂ ಉಳಿಯಲಿಲ್ಲ. ಆ ಮನೆಯಲ್ಲಿ ಆಗ ಯಾರೂ ಕೆಟ್ಟವರಿರಲಿಲ್ಲ, ಎಲ್ಲರೂ ದಣಿದವರು.

ಮನೆ ಬಿಟ್ಟು ತವರಿಗೆ ಹೋಗುವಾಗ ಆಕೆ ಲ್ಯಾಪ್‌ಟಾಪನ್ನು ನನಗೇ ಬಿಟ್ಟಳು. "ನಿನ್ನ ಬಿ.ಎಡ್.ಗೆ ಬೇಕಾಗ್ತದ, ಇಟ್ಕೊ." ಅದರಲ್ಲೇ ನನ್ನ ಪಾಠಗಳನ್ನೆಲ್ಲ ಬರೆದೆ. ಆಟವನ್ನು ಮಾತ್ರ ತೆರೆಯಲಿಲ್ಲ. ಎರಡು ಮಳೆಗಾಲದ ನಂತರ ಅದೂ ಕೆಟ್ಟಿತು. ಆ ಊರುಗಳೆಲ್ಲ ಅದರೊಳಗೇ ಹೋದವು...

ಕೋರ್ಟಿನಲ್ಲಿ ಬಿಡುಗಡೆಯಾದ ಮೇಲೆ ಅಣ್ಣನಿಗೆ ಮತ್ತೆ ಮದುವೆಯಾಯಿತು. ಬಂದಾಕೆ ಒಳ್ಳೆಯವಳು. ಇಬ್ಬರು ಮಕ್ಕಳು, ನನ್ನ ಕಂಡರೆ ಓಡಿ ಬರುತ್ತಾರೆ. ಆಕೆಯನ್ನೂ ವೈನಿ ಎಂದೇ ಕರೆಯುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ.

ಕೆಲವು ವರ್ಷಗಳ ಹಿಂದೆ ಗಾಣಗಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುಂಪಿನ ನಡುವೆ ಮೊದಲಿನ ವೈನಿಯ ಬೆನ್ನು ಕಂಡಿತು. ತಾಯಿಯನ್ನು ಕೈ ಹಿಡಿದು ದತ್ತನ ಗುಡಿಯಿಂದ ಕರೆತಂದಿದ್ದಳು. ನನ್ನ ಬಾಯಿಂದ "ವೈನೀ" ಎಂದು ಬಂದುಬಿಟ್ಟಿತು. ಬೇರೆ ಯಾರೋ ಇಬ್ಬರು ತಿರುಗಿದರು. ಆಕೆ ತಡವಾಗಿ ತಿರುಗಿದಳು. ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಾಳಂತೆ. ಅವ್ವನ ಮಂಡಿನೋವು ಕೇಳಿದಳು, ನನ್ನ ನೌಕರಿ ಕೇಳಿದಳು. "ಹುಡುಗರು ಹ್ಯಾಂಗ ಅದಾವ ನಿಮ್ಮ ಅಣ್ಣಂದು?" ಎಂದೂ ಕೇಳಿದಳು. ಆ ಪ್ರಶ್ನೆಯಲ್ಲಿ ಯಾವ ಮುಳ್ಳೂ ಇರಲಿಲ್ಲ. ತನ್ನ ಫೋನ್ ನಂಬರನ್ನೂ ಕೊಟ್ಟಳು. ಸೋಲಾಪುರದ ಬಸ್ಸು ಬಂತು. ತಾಯಿಯನ್ನು ಹತ್ತಿಸಿ, ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಇನ್ನ ವೈನಿ ಅನ್ನಬ್ಯಾಡ ಬೇ. ಆ ಮಾತ ಈಗ ಇನ್ನೊಬ್ಬಾಕೀದು. ಹೆಸರ ಹಿಡದ ಕರಿ."

ಹೂಂ ಎಂದೆ. ಬಸ್ಸು ಹೋಗುವಾಗ ಕರೆದು ನೋಡಲು ಬಾಯಿ ತೆರೆದೆ. ಹೆಸರು ಹೊರಗೆ ಬರಲಿಲ್ಲ. ಹಿರಿಯಳ ಹೆಸರು ಹಿಡಿದು ಕರೆದು ರೂಢಿಯಿಲ್ಲದ ನಾಲಿಗೆ ಅದು.

ಕಳೆದ ವಾರ ಆ ವಾಸನೆ ಎದ್ದ ದಿನ ಶಾಲೆಯಿಂದ ಹೊರಟು ಬಸ್ಸಿನಲ್ಲಿ ಕೂತಾಗ ಫೋನ್ ತೆಗೆದು ನೋಡಿದೆ. ಆಕೆಯ ನಂಬರು ಇನ್ನೂ ಇದೆ, ಮೇಲೆ ಯಾವ ಹೆಸರೂ ಇಲ್ಲದೆ. ಒತ್ತಬೇಕೆಂದು ಎಷ್ಟೋ ಸಲ ಬೆರಳು ಅಲ್ಲಿಯವರೆಗೆ ಹೋಗಿದೆ. ಆಕೆ ಎತ್ತಿಯೇ ಎತ್ತುತ್ತಾಳೆ, ಪ್ರೀತಿಯಿಂದ ಮಾತಾಡಿಯೇ ಮಾತಾಡುತ್ತಾಳೆ. ಆದರೆ ಆಕೆ ಹಲೋ ಅಂದ ಮೇಲೆ ನಾನು ಏನೆಂದು ಕರೆಯಲಿ...