ಕೈ ಎತ್ತದ ಅಧ್ಯಕ್ಷರು

ಒಗೆಯದ ಜೀನ್ಸ್ ಬಟ್ಟೆಗೆ ಒಂದು ವಾಸನೆಯಿದೆ. ಗಂಜಿ, ನೀಲಿ ಬಣ್ಣ, ಮೆಷಿನ್ ಎಣ್ಣೆ ಬೆರೆತದ್ದು. ಮೊನ್ನೆ ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವ ಬಸ್ಸಿನಲ್ಲಿ ಯಾರದೋ ಗಂಟಿನಿಂದ ಅದು ಬಂತು, ಹಿಂದೆಯೇ ಯಜಮಾನರೂ ನೆನಪಿಗೆ ಬಂದರು. ನಾನು ರಾಯದುರ್ಗದಲ್ಲಿದ್ದಾಗ ನಮ್ಮ ಪಕ್ಕದ ಮನೆಯವರು. ಪ್ಯಾಂಟು ಹೊಲಿಸುವ ಶೆಡ್ಡು ಇಟ್ಟಿದ್ದರು. ಮುಖ ಸರಿಯಾಗಿ ನೆನಪಾಗಲಿಲ್ಲ. ಆಯಿತೆಂದು ಬರೆದರೆ ಸುಳ್ಳಾದೀತು...

ಭಾನುವಾರ ಆ ಶೆಡ್ಡೇ ನಮ್ಮ ಪಾರ್ಟಿ ಆಫೀಸು. ಗಡಿಭಾಗದ ಸಣ್ಣ ಪಾರ್ಟಿ. ಯಾರ ಜಾತಿಯನ್ನೂ ಕೇಳಬಾರದು, ಕಚೇರಿ ಕಾಗದ ಕನ್ನಡದಲ್ಲೂ ತೆಲುಗಿನಲ್ಲೂ ಸಿಗಬೇಕು, ಒಬ್ಬನೇ ವಿರೋಧಿಸಿದರೂ ಮೊದಲು ಅವನ ಮಾತು ಕೇಳಬೇಕು. ಅಧ್ಯಕ್ಷರ ಕುರ್ಚಿ ಸರದಿಯ ಮೇಲೆ. ಅಲ್ಲಿ ಕೂತವರು ಮತ ಹಾಕುವಂತಿಲ್ಲ. ಆ ನಿಯಮ ತಂದವರು ಯಜಮಾನರೇ.

"ನಿಮ್ಮ ಪಾರ್ಟ್ಯಾಗ ಮಂದಿಗಿಂತ ರೂಲ್ಸೇ ಜಾಸ್ತಿ ಅದಾವ್ರಿ," ಎಂದು ಅವರ ಹೆಂಡತಿ ಚಹಾ ಇಟ್ಟು ಹೋಗುತ್ತಿದ್ದರು.

ಅದು ನಿಜವಾಗತೊಡಗಿತು. ಮಡಕಶಿರ ಕಡೆಯ ಸದಸ್ಯರು ಒಬ್ಬೊಬ್ಬರಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಉಳಿದವರಲ್ಲಿ ಕೆಲವರು ದೊಡ್ಡ ಪಾರ್ಟಿಯೊಂದರಲ್ಲಿ ಸೇರಿಹೋಗೋಣ ಎಂದರು. ಅದನ್ನು ನಿರ್ಧರಿಸುವ ಸಭೆಗೆ ಕುರ್ಚಿಯ ಸರದಿ, ಗಾರ್ಮೆಂಟ್ಸಿಗೆ ಹೋಗಿದ್ದ ಮಡಕಶಿರದ ಅಕ್ಕನೊಬ್ಬಳದು. ಬೆಳಿಗ್ಗೆ ಆಕೆ ಯಜಮಾನರಿಗೆ ಫೋನ್ ಮಾಡಿದಳು.

"ಏನ್ ಮಾಡ್ಲಣ್ಣ, ಭಾನುವಾರನೂ ಕೆಲ್ಸಕ್ಕೆ ಬರ್ಲೇಬೇಕು ಅಂದವ್ರೆ. ನೀವೇ ಕೂತ್ಕಂಡು ನಡ್ಸ್ಬಿಡಿ."

ಯಜಮಾನರು ಕೂತರು. ಬೇಡವೆಂದವರು ಕೈ ಎತ್ತಿದೆವು. ಬೇಕೆಂದವರದು ಒಂದೇ ಕೈ ಹೆಚ್ಚು. ಯಜಮಾನರೂ ಎತ್ತಿ ಸಮವಾಗಿದ್ದರೆ ಸೇರುವ ಠರಾವು ಬಿದ್ದುಹೋಗುತ್ತಿತ್ತು.

"ರೂಲ್ಸ್ ಹಾಳಾಗಿ ಹೋಗ್ಲಿ, ಕೈ ಎತ್ರಿ ಯಜಮಾನ್ರೇ!" ಎಂದು ಕೂಗಿದೆ.

ಬೇಕೆಂದವರಲ್ಲೊಬ್ಬ ನಕ್ಕ. "ಎತ್ರಿ, ಎತ್ರಿ. ನಾವೇನ್ ಅನ್ನಂಗಿಲ್ಲ."

"ಹಂಗ ಎತ್ತಿ ಉಳಿಸಿದ್ರ ಇದು ನಮ್ಮ ಪಾರ್ಟಿ ಹೆಂಗ ಆಗ್ತೈತಪ್ಪಾ?" ಎಂದರು ಯಜಮಾನರು.

ಠರಾವು ಪಾಸಾಯಿತೆಂದು ಕನ್ನಡದಲ್ಲಿ ಹೇಳಿ, ಮತ್ತೆ ತೆಲುಗಿನಲ್ಲಿ ಹೇಳಿದರು. ಎರಡನೆಯ ಸಲ ದನಿ ನಡುಗಿತೇ... ಅಥವಾ ಅದನ್ನು ನಾನೀಗ ಸೇರಿಸುತ್ತಿದ್ದೇನೆಯೇ? ದೊಡ್ಡ ಪಾರ್ಟಿಯ ಮೆಟ್ಟಿಲನ್ನು ಅವರು ಕೊನೆಯವರೆಗೂ ಹತ್ತಲಿಲ್ಲ. ಇದು ಮಾತ್ರ ನನಗೆ ಖಚಿತ.

ಮೊನ್ನೆ ಬಸ್ಸಿಳಿದವನು ಯಜಮಾನರ ಮನೆಗೆ ಹೋದೆ. ಮಗಳು ನೀರು ಕೊಟ್ಟಳು. ನಮ್ಮ ಪಾರ್ಟಿಯ ಮಾತೆತ್ತಿದೆ.

"ಯಾವ ಪಾರ್ಟಿರಿ? ಅಪ್ಪ ದೊಡ್ಡ ಪಾರ್ಟಿಯವ್ರಲ್ಲೇನ್ರಿ? ತೀರಿಕೊಂಡಾಗ ಅವ್ರೇ ಬಂದು ಶಾಲು ಹೊದಿಸಿ ಹೋದ್ರು. ಫೋಟೋಕ್ಕೂ ಅದನ್ನೇ ಹಾಕೇವಿ."

ಗೋಡೆಯ ಫೋಟೋ ನೋಡಿದೆ. ಅಲ್ಲವೆಂದು ಹೇಳಬೇಕೆನಿಸಿತು. ನನ್ನ ಮಾತು ಹೌದೆಂದು ಎತ್ತಲು ಇನ್ನೊಂದು ಕೈ ಆ ಊರಲ್ಲಿ ಉಳಿದಿರಲಿಲ್ಲ... ನೀರು ಕುಡಿದು ಎದ್ದೆ.